ಕುಡಿತದ ಸೆರೆಯಿಂದ ಪಾರಾದ ಕೂಲಿಕಾರ: ಪೂಜ್ಯ ಮ್ಯಾಟ್ ಟಾಲ್ಬಟ್

ನಮ್ಮ ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಗಾಗಿ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡಾಗ, ಅವರ ಮನಸ್ಸಿನಲ್ಲಿದ್ದುದು ಯಾರಾದರೊಬ್ಬ ಮಹಾಸಂತರ ಇಲ್ಲವೆ ಗಂಜಾಂ ಸೀಮೆಯಲ್ಲಿ ದೊಡ್ಡಸ್ವಾಮಿಯವರೆಂದು ಹೆಸರಾದ ಅಬ್ಬೆ ದ್ಯೂಬ್ವಾ ಅವರಂತಹ ಧರ್ಮಪ್ರಚಾರಕರ ಚರಿತ್ರೆಯಾಗಿರಬೇಕು. ಅಂತಹವರ ಚರಿತ್ರೆಗಳು ನಮಗೆ ಬೇಕು, ನಿಜ. ಆದರೆ ನಾನು ಆರಿಸಿಕೊಂಡಿರುವುದು ಗುರುವಲ್ಲದ, ಪಂಡಿತನಲ್ಲದ, ಮಠ ಸೇರದ, ಜೀವನವಿಡೀ ಕೂಲಿ ಮಾಡಿ ಬದುಕಿದ ಒಬ್ಬ ಬಡವನನ್ನು. ಆತನು ಹದಿನಾರು ವರ್ಷಗಳ ಕಾಲ ಮಹಾ ಕುಡುಕನಾಗಿದ್ದು, ಅನಂತರ ನಲವತ್ತೊಂದು ವರ್ಷಗಳ ಕಾಲ ಒಂದು ತೊಟ್ಟು ಮದ್ಯವನ್ನೂ ಮುಟ್ಟದೆ ಬಾಳಿ ತೀರಿಕೊಂಡನು. ಐರ್ಲೆಂಡ್ ದೇಶದ ಡಬ್ಲಿನ್ ನಗರದ ಮ್ಯಾಟ್ ಟಾಲ್ಬಟ್ ಎಂಬುದೇ ಆತನ ಹೆಸರು.

ಈ ಆಯ್ಕೆಗೆ ಕಾರಣವುಂಟು. ಶತಮಾನೋತ್ಸವದ ನಿಮಿತ್ತ ದೇವಾಲಯದ ಹಳೆಯ ದಾಖಲೆಗಳನ್ನು ಸರಿಪಡಿಸುವಾಗ ಮರಣಗಳ ಪುಸ್ತಕವನ್ನು ಪುಟಪುಟವಾಗಿ ತಿರುವಿ ಹಾಕಿದೆ. ಹೆಸರು, ತಂದೆಯ ಹೆಸರು, ವಯಸ್ಸು, ಮಣ್ಣು ಮಾಡಿದ ದಿನ, ಇಷ್ಟೇ ಅದರಲ್ಲಿರುವುದು. ಆದರೆ ಮೂವತ್ತೆಂಟು, ನಲವತ್ತೊಂದು, ನಲವತ್ನಾಲ್ಕು ಎಂಬ ವಯಸ್ಸುಗಳನ್ನು ಓದುತ್ತಾ ಹೋದಂತೆ ನನ್ನ ಕೈ ನಿಂತಿತು. ಅವರಲ್ಲಿ ಕೆಲವರನ್ನು ಮಣ್ಣು ಮಾಡಿದವನು ನಾನೇ. ಅವರು ಯಾವುದರಿಂದ ಸತ್ತರೆಂಬುದು ಪುಸ್ತಕದಲ್ಲಿ ಬರೆದಿಲ್ಲ; ಆದರೆ ನನಗೆ ಗೊತ್ತಿದೆ, ಅವರ ಹೆಂಡತಿ ಮಕ್ಕಳಿಗೆ ಗೊತ್ತಿದೆ, ನಿಮಗೂ ಗೊತ್ತಿದೆ. ನೂರು ವರ್ಷದ ಹಬ್ಬವನ್ನು ಆಚರಿಸುವಾಗ ಈ ವಿಷಯವೊಂದನ್ನು ಮಾತ್ರ ಮುಚ್ಚಿಡುವುದು ಸರಿಯಲ್ಲವೆಂದು ನನಗೆ ತೋರಿತು.

ನಮ್ಮದು ಸಿಹಿಯ ಸೀಮೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲುಗಳು ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಊರೂರಿನಲ್ಲಿ ಆಲೆಮನೆಗಳ ಹೊಗೆ ಎದ್ದಿತು. ಆದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೇ ಮದ್ಯಸಾರವನ್ನು ಇಳಿಸುತ್ತಾರೆ ಎಂಬುದೂ ನಮಗೆ ತಿಳಿದ ಸಂಗತಿಯೇ. ಕಬ್ಬು ಕಡಿಯುವವನ, ಕೊಪ್ಪರಿಗೆಯ ಮುಂದೆ ಬೆಂಕಿಯಲ್ಲಿ ಬೇಯುವವನ ವಾರದ ಬಟವಾಡೆಯ ಹಣ ಮನೆಗೆ ಬರುವ ಮೊದಲೇ ದಾರಿಯಲ್ಲಿ ಕರಗುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯ ನಿಷೇಧವಾಯಿತು. ಸಾರಾಯಿಯ ಪ್ಯಾಕೆಟ್ಟು ಹೋಯಿತು. ಆದರೆ ಕುಡಿತ ಹೋಗಲಿಲ್ಲ. ಅಂಗಡಿಯ ಹಲಗೆಯ ಮೇಲಿನ ಹೆಸರು ಬದಲಾಯಿತು, ಅಷ್ಟೆ. ಆದುದರಿಂದ ಕುಡಿತವನ್ನು ಬಿಟ್ಟವನೊಬ್ಬನ ಕಥೆ ನಮಗೆ ಪರದೇಶದ ಕಥೆಯಲ್ಲ.

ಬಾಲ್ಯ

ಮ್ಯಾಟ್ ಟಾಲ್ಬಟ್ 1856ರ ಮೇ 2ರಂದು ಡಬ್ಲಿನ್ ನಗರದ ನಾರ್ತ್ ಸ್ಟ್ರ್ಯಾಂಡ್ ಎಂಬ ಬಡವರ ಕೇರಿಯಲ್ಲಿ ಜನಿಸಿದನು. ಮೂರು ದಿನಗಳ ಮೇಲೆ ಆತನಿಗೆ ಜ್ಞಾನಸ್ನಾನವಾಯಿತು. ಮತ್ತಾಯ ಎಂದು ನಾವು ಹೇಳುವ ಹೆಸರನ್ನೇ ಅವರ ಭಾಷೆಯಲ್ಲಿ ಮ್ಯಾಥ್ಯೂ ಎಂದು ಇಟ್ಟು, ಮನೆಯವರು ಅದನ್ನು ಮ್ಯಾಟ್ ಎಂದು ಮೊಟಕು ಮಾಡಿ ಕರೆಯುತ್ತಿದ್ದರು. ತಂದೆ ಚಾರ್ಲ್ಸ್ ಟಾಲ್ಬಟ್, ತಾಯಿ ಎಲಿಜಬೆತ್. ಅವರಿಗೆ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಮ್ಯಾಟ್ ಎರಡನೆಯವನು. ತಂದೆ ಬಂದರಿನ ಉಗ್ರಾಣದಲ್ಲಿ ಕೆಲಸ ಮಾಡುತ್ತಿದ್ದನು. ದುಡಿಮೆಗಾರ, ಆದರೆ ಕುಡುಕ. ಹಿರಿಯ ಮಗನೊಬ್ಬನನ್ನು ಬಿಟ್ಟರೆ ಉಳಿದ ಗಂಡುಮಕ್ಕಳೆಲ್ಲರೂ ತಂದೆಯ ದಾರಿಯನ್ನೇ ಹಿಡಿದರು. ಸಂಸಾರವು ಬಾಡಿಗೆ ಕೊಡಲಾಗದೆ ಮನೆಯಿಂದ ಮನೆಗೆ ಅಲೆಯುತ್ತಿತ್ತು. ತಾಯಿ ಮನೆಗೆಲಸ ಮಾಡಿ, ಜಪಸರ ಹಿಡಿದು, ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದಳು. ಇಂತಹ ತಾಯಂದಿರು ನಮ್ಮ ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ.

ಮ್ಯಾಟ್ ಶಾಲೆಗೆ ಹೋದುದು ಅಲ್ಪಕಾಲ. ಅದರಲ್ಲೂ ತಪ್ಪಿಸಿಕೊಂಡ ದಿನಗಳೇ ಹೆಚ್ಚು. ಹನ್ನೆರಡನೆಯ ವಯಸ್ಸಿಗೆ ಮದ್ಯದ ವ್ಯಾಪಾರಿಗಳಲ್ಲಿ ಕೆಲಸಕ್ಕೆ ಸೇರಿದನು. ಅಂಗಡಿಗಳಿಂದ ಹಿಂದಕ್ಕೆ ಬರುತ್ತಿದ್ದ ಸೀಸೆಗಳ ತಳದಲ್ಲಿ ಉಳಿದಿರುತ್ತಿದ್ದುದನ್ನು ಅಲ್ಲಿನ ಹುಡುಗರು ಹೀರುತ್ತಿದ್ದರು. ಹೀಗೆ ಆಟವೆಂದು ಆರಂಭವಾದುದು ಒಂದೇ ವರ್ಷದಲ್ಲಿ ಚಟವಾಯಿತು. ಇದನ್ನು ಕಂಡ ತಂದೆ ಮಗನನ್ನು ಹೊಡೆದು, ಅಲ್ಲಿಂದ ಬಿಡಿಸಿ, ತನ್ನ ಕಣ್ಣೆದುರಿನಲ್ಲಿ ಇರಲೆಂದು ಬಂದರಿನ ಉಗ್ರಾಣದಲ್ಲಿ ಕೆಲಸ ಕೊಡಿಸಿದನು. ಆದರೆ ಅದು ವಿಸ್ಕಿಯ ಪೀಪಾಯಿಗಳನ್ನು ಇಡುವ ಉಗ್ರಾಣ. ಬಿಯರಿನಿಂದ ಬಿಡಿಸಲು ಹೋಗಿ ವಿಸ್ಕಿಯ ಬಾಯಿಗೆ ಒಪ್ಪಿಸಿದಂತಾಯಿತು. ತಾನೇ ಕುಡಿಯುವ ತಂದೆ ಮಗನನ್ನು ಹೊಡೆದು ತಿದ್ದಲಾರನೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಕತ್ತಲೆಯ ಹದಿನಾರು ವರ್ಷ

ಮುಂದೆ ಮ್ಯಾಟ್ ಇಟ್ಟಿಗೆ ಕೆಲಸದವರ ಕೈಕೆಳಗೆ ಆಳಾಗಿ ದುಡಿಯತೊಡಗಿದನು. ಕೆಲಸದಲ್ಲಿ ಚುರುಕು, ಎಲ್ಲರಿಗಿಂತ ಮುಂದೆ ಓಡುವ ಆಳೆಂದು ಮೇಸ್ತ್ರಿಗಳಿಗೆ ಅವನ ಮೇಲೆ ಪ್ರೀತಿ. ಆದರೆ ಶನಿವಾರದ ಬಟವಾಡೆ ಬರುತ್ತಲೇ ಅದು ನೇರವಾಗಿ ಪಡಖಾನೆಗೆ ಹೋಗುತ್ತಿತ್ತು. ಹಣ ಮುಗಿದರೆ ಸಾಲ. ಸಾಲ ಹುಟ್ಟದಿದ್ದರೆ ಮೈಮೇಲಿನ ಕೋಟು, ಕಾಲಿನ ಬೂಟು ಅಡವು. ಬರಿಗಾಲಿನಲ್ಲಿ ಮನೆಗೆ ಬಂದ ದಿನಗಳೂ ಉಂಟು. ಒಮ್ಮೆ ಬೀದಿಯಲ್ಲಿ ಪಿಟೀಲು ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬನ ಪಿಟೀಲನ್ನು ಈತನೂ ಜೊತೆಗಾರರೂ ಕದ್ದು, ಮಾರಿ, ಆ ಹಣದಲ್ಲಿ ಕುಡಿದರು. ಬೇರೆಯವನ ಅನ್ನದ ದಾರಿಯನ್ನೇ ಕಡಿದ ಈ ಪಾಪ ಮ್ಯಾಟನನ್ನು ಜೀವಮಾನವೆಲ್ಲಾ ಚುಚ್ಚಿತು. ಕುಡಿತವನ್ನು ಬಿಟ್ಟ ಮೇಲೆ ಆ ಪಿಟೀಲುಗಾರನನ್ನು ಊರೆಲ್ಲಾ ಹುಡುಕಿದನು; ಸಿಗದೆ ಹೋದಾಗ, ತೀರಿಕೊಂಡಿರಬೇಕೆಂದು ಭಾವಿಸಿ, ಆತನ ಆತ್ಮಕ್ಕಾಗಿ ಬಲಿಪೂಜೆಗಳನ್ನು ಮಾಡಿಸಿದನು.

ಆದರೂ ಒಂದು ಮಾತನ್ನು ಮರೆಯಬಾರದು. ಈ ವರ್ಷಗಳಲ್ಲಿಯೂ ಮ್ಯಾಟ್ ಭಾನುವಾರದ ಪೂಜೆಯನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ. ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ, ಆದರೂ ದೇವಾಲಯದ ಹಿಂದಿನ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದನು. ನಮ್ಮ ದೇವಾಲಯದ ಹಿಂಬಾಗಿಲಲ್ಲಿಯೂ ಹಾಗೆ ನಿಲ್ಲುವವರಿದ್ದಾರೆ. ಅವರನ್ನು ನೋಡಿ ಮುಖ ಸಿಂಡರಿಸುವ ಮೊದಲು ಮ್ಯಾಟ್ ಟಾಲ್ಬಟನನ್ನು ನೆನೆಯಬೇಕು.

ಒಂದು ಶನಿವಾರ

1884ರಲ್ಲಿ, ಮ್ಯಾಟ್‌ಗೆ ಇಪ್ಪತ್ತೆಂಟು ವರ್ಷವಾಗಿದ್ದಾಗ, ಆ ದಿನ ಬಂದಿತು. ಒಂದು ವಾರದಿಂದ ಕೆಲಸಕ್ಕೆ ಹೋಗಿರಲಿಲ್ಲವಾಗಿ ಕೈಯಲ್ಲಿ ಕಾಸಿರಲಿಲ್ಲ. ಶನಿವಾರ ಮಧ್ಯಾಹ್ನ ಬಟವಾಡೆ ಪಡೆದು ಬರುವ ಗೆಳೆಯರು ಕರೆದಾರೆಂದು ಪಡಖಾನೆಯ ಬಳಿಯ ಮೂಲೆಯಲ್ಲಿ ನಿಂತನು. ತನ್ನಲ್ಲಿ ಹಣವಿದ್ದಾಗ ಎಷ್ಟೋ ಮಂದಿಗೆ ಕುಡಿಸಿದ್ದವನು ಆತ. ಗೆಳೆಯರು ಒಬ್ಬೊಬ್ಬರಾಗಿ ಬಂದರು, ಕುಶಲ ವಿಚಾರಿಸಿದರು, ಒಳಗೆ ಹೋದರು. ಒಬ್ಬನೂ ಕರೆಯಲಿಲ್ಲ.

ಅವಮಾನದಿಂದ ಆತನ ಎದೆ ಒಡೆಯಿತು. ನೇರವಾಗಿ ಮನೆಗೆ ಹೋದನು. ಶನಿವಾರ ಅಷ್ಟು ಹೊತ್ತಿಗೇ, ಅದೂ ಸ್ವಸ್ಥನಾಗಿ ಬಂದ ಮಗನನ್ನು ಕಂಡು ತಾಯಿ ಬೆರಗಾದಳು. ಊಟವಾದ ಮೇಲೆ ಮಗನು ತಾನು ಕುಡಿತವನ್ನು ಬಿಡುವ ಪ್ರತಿಜ್ಞೆ ಮಾಡಲು ಹೋಗುತ್ತೇನೆಂದು ತಿಳಿಸಿದನು. ತಾಯಿ ಕುಣಿದಾಡಲಿಲ್ಲ, ಹೀಗಳೆಯಲೂ ಇಲ್ಲ. ಪಾಲಿಸುವ ಮನಸ್ಸಿದ್ದರೆ ಮಾತ್ರ ಮಾಡಬೇಕೆಂದು ಎಚ್ಚರಿಸಿ, ದೇವರು ಶಕ್ತಿ ಕೊಡಲೆಂದು ಹರಸಿ ಕಳುಹಿಸಿದಳು. ಮ್ಯಾಟ್ ಕ್ಲಾನ್ಲಿಫ್ ಎಂಬಲ್ಲಿದ್ದ ಪವಿತ್ರ ಶಿಲುಬೆಯ ಗುರುಮಠಕ್ಕೆ ನಡೆದು ಹೋಗಿ, ಅಲ್ಲಿನ ಗುರುಗಳೊಬ್ಬರಲ್ಲಿ ಬಹುಕಾಲದ ಮೇಲೆ ಪಾಪನಿವೇದನೆ ಮಾಡಿ ಪ್ರತಿಜ್ಞೆ ಸ್ವೀಕರಿಸಿದನು. ಆ ಪ್ರತಿಜ್ಞೆಯು ಜೀವಾವಧಿಯದಲ್ಲ. ಬರೀ ಮೂರು ತಿಂಗಳಿನದು. ಮರುದಿನ ಬೆಳಗಿನ ಪೂಜೆಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸಿದನು.

ಐರ್ಲೆಂಡಿನಲ್ಲಿ ಇಂತಹ ಪ್ರತಿಜ್ಞೆಯ ಪದ್ಧತಿ ಹೊಸದಾಗಿರಲಿಲ್ಲ. ಕಪುಚಿನ್ ಸಭೆಯ ಥಿಯೋಬಾಲ್ಡ್ ಮ್ಯಾಥ್ಯೂ ಎಂಬ ಗುರುಗಳು 1838ರಲ್ಲಿ ಕಾರ್ಕ್ ನಗರದಲ್ಲಿ ಮದ್ಯವರ್ಜನೆಯ ಚಳವಳಿಯನ್ನು ಆರಂಭಿಸಿ ಲಕ್ಷಾಂತರ ಜನರಿಂದ ಪ್ರತಿಜ್ಞೆ ಮಾಡಿಸಿದ್ದರು. ಅವರು ತೀರಿಕೊಂಡುದು ಮ್ಯಾಟ್ ಹುಟ್ಟಿದ 1856ರಲ್ಲಿಯೇ. ಅವರ ಕಾಲಾನಂತರ ಚಳವಳಿ ಬಾಡಿದ್ದರೂ ಬೇರು ಸತ್ತಿರಲಿಲ್ಲ.

ಪ್ರತಿಜ್ಞೆಯ ನಂತರ

ಮೊದಲ ಮೂರು ತಿಂಗಳು ಮ್ಯಾಟ್ ಪಟ್ಟ ಪಾಡು ದೊಡ್ಡದು. ಮೂರು ತಿಂಗಳು ತುಂಬುತ್ತಲೇ ಮತ್ತೆ ಕುಡಿಯುವೆನೆಂದು ತಾಯಿಯ ಮುಂದೆ ಹಲುಬಿದುದೂ ಉಂಟು. ಸಂಜೆಯಾದರೆ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ಒಂದು ದಿನ ಜೇಬಿನಲ್ಲಿ ಹಣವಿಟ್ಟುಕೊಂಡು ಹೋಗುವಾಗ ತಡೆಯಲಾರದೆ ಒಂದು ಪಡಖಾನೆಯನ್ನು ಹೊಕ್ಕನು. ಬೇರೆ ಗಿರಾಕಿಗಳ ಗಲಾಟೆಯಲ್ಲಿ ಅಂಗಡಿಯವನು ಈತನನ್ನು ಗಮನಿಸಲಿಲ್ಲ. ಸ್ವಲ್ಪ ಹೊತ್ತು ಕಾದು, ಮುಜುಗರಗೊಂಡು ಹೊರಗೆ ಬಂದವನು ನೇರವಾಗಿ ದೇವಾಲಯಕ್ಕೆ ಹೋಗಿ ಕುಳಿತನು. ಅಂದಿನಿಂದ ಕೈಯಲ್ಲಿ ಹಣವಿಟ್ಟುಕೊಂಡು ಹೊರಗೆ ಹೋಗಬಾರದೆಂದು ನಿಶ್ಚಯಿಸಿದನು. ಮನಸ್ಸಿನ ಬಲವೊಂದನ್ನೇ ನಂಬದೆ, ಬೀಳುವ ಅವಕಾಶವನ್ನೇ ಕಡಿದುಹಾಕಿದ ಈ ವಿವೇಕ ಗಮನಾರ್ಹವಾದುದು.

ಸಂಜೆಯ ಹೊತ್ತನ್ನು ತುಂಬುವುದಕ್ಕಾಗಿ ಆತನು ಕೆಲಸ ಬಿಟ್ಟೊಡನೆ ದೂರದ ದೇವಾಲಯಗಳಿಗೆ ನಡೆದು ಹೋಗುತ್ತಿದ್ದನು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಪ್ರತಿದಿನ ಪೂಜೆ. ಮೂರು ತಿಂಗಳು ಕಳೆದವು. ಪ್ರತಿಜ್ಞೆಯನ್ನು ಆರು ತಿಂಗಳಿಗೆ ಮುಂದುವರಿಸಿದನು. ಅದೂ ತುಂಬಿದ ಮೇಲೆ ಜೀವಾವಧಿ ಪ್ರತಿಜ್ಞೆ ಮಾಡಿದನು. ಹೊಗೆಸೊಪ್ಪನ್ನೂ ಬಿಟ್ಟನು, ಮದ್ಯಕ್ಕಿಂತ ಇದನ್ನು ಬಿಡುವುದೇ ಕಷ್ಟವಾಯಿತೆಂದು ಮುಂದೆ ಹೇಳಿಕೊಂಡನಂತೆ. ಸಾಲವಿದ್ದ ಪಡಖಾನೆಗಳಿಗೆಲ್ಲಾ ಹೋಗಿ, ಲಕೋಟೆಯಲ್ಲಿ ಹಣವಿಟ್ಟು, ಕೊಟ್ಟು, ಮಾತಿಗೆ ನಿಲ್ಲದೆ ಹೊರಟು ಬರುತ್ತಿದ್ದನು. ಈ ಸಾಲ ತೀರಿಸಲು ವರ್ಷಗಳೇ ಹಿಡಿದವು. ಸೋದರರು ಮಾತ್ರ ಕುಡಿತವನ್ನು ಬಿಡಲಿಲ್ಲ. ಅವರಿರುವ ಮನೆಯಲ್ಲಿ ತನ್ನ ಪ್ರತಿಜ್ಞೆ ಉಳಿಯದೆಂದು ತಿಳಿದು ಬೇರೆ ಕೊಠಡಿಯನ್ನು ಬಾಡಿಗೆಗೆ ಹಿಡಿದನು. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ತನ್ನ ಬಳಿಗೆ ಕರೆತಂದು, 1915ರಲ್ಲಿ ಆಕೆ ಮರಣ ಹೊಂದುವವರೆಗೂ ಸಾಕಿದನು.

ಮರದ ಅಡ್ಡೆಯ ಕೂಲಿ, ದೇವರ ಭಕ್ತ

ಮ್ಯಾಟ್ ತನ್ನ ಜೀವನದ ಬಹುಭಾಗವನ್ನು ಕಳೆದುದು ಟಿ. ಅಂಡ್ ಸಿ. ಮಾರ್ಟಿನ್ ಎಂಬ ಕಂಪನಿಯ ಮರದ ಅಡ್ಡೆಯಲ್ಲಿ. ಹಡಗಿನಿಂದ ಬಂದ ದಿಮ್ಮಿ, ಹಲಗೆಗಳನ್ನು ಹೊತ್ತು ಜೋಡಿಸುವ ಕೆಲಸ. ಮೊದಲು ಕುಡಿತದಲ್ಲಿ ತೋರಿದ ಛಲವನ್ನೇ ಈಗ ದೇವಭಕ್ತಿಯಲ್ಲಿ ತೋರಿದನು. ರಾತ್ರಿ ಎರಡು ಗಂಟೆಗೆ ಎದ್ದು ಪ್ರಾರ್ಥಿಸುವುದು, ಹಲಗೆಯ ಮೇಲೆ ಮರದ ದಿಂಬಿಟ್ಟು ಮಲಗುವುದು, ಅಲ್ಪಾಹಾರ, ದೀರ್ಘ ಉಪವಾಸ, ಇವು ಆತನ ನಿತ್ಯಕ್ರಮವಾದವು. 1890ರಲ್ಲಿ ಸಂತ ಫ್ರಾನ್ಸಿಸ್ಕರ ಮೂರನೆಯ ಸಭೆಗೆ ಸೇರಿದನು. ಅಕ್ಷರ ಕೂಡಿಸಿ ಓದುವುದನ್ನು ಕಷ್ಟಪಟ್ಟು ಕಲಿತು, ಸಂತ ಅಗಸ್ಟೀನರ ಆತ್ಮಕಥೆ, ಸಂತ ಲೂಯಿ ಮೋನ್‌ಫೋರ್ಟರು ಮಾತೆ ಮರಿಯಮ್ಮನವರ ಭಕ್ತಿಯನ್ನು ಕುರಿತು ಬರೆದ ಗ್ರಂಥ ಮುಂತಾದವನ್ನು ಓದಿದನು. ಕ್ಲಾನ್ಲಿಫಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೈಕೆಲ್ ಹಿಕಿ ಎಂಬ ಗುರುಗಳು ಆತನ ಆತ್ಮೀಯ ಮಾರ್ಗದರ್ಶಕರಾದರು. ಪಂಡಿತರಾದ ಆ ಗುರುಗಳು ಕೂಲಿಯವನ ಕೊಠಡಿಗೆ ತಾವೇ ಹೋಗಿ ಕೂಡಿ ಪ್ರಾರ್ಥಿಸುತ್ತಿದ್ದರು.

ಇಷ್ಟೆಲ್ಲಾ ತಪಸ್ಸು ಮಾಡಿದವನು ಲೋಕಕ್ಕೆ ಮುಖ ತಿರುಗಿಸಿಕೊಂಡ ಒಣ ಭಕ್ತನಾಗಿರಲಿಲ್ಲ. ಮಕ್ಕಳೊಂದಿಗ ಜೊತೆಗಾರರಿಗೆ ಕೂಲಿ ಸಾಲದಾದಾಗ ತನ್ನ ಕೂಲಿಯಿಂದ ಕೊಡುತ್ತಿದ್ದನು. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಕಾರ್ಮಿಕ ಸಂಘಕ್ಕೆ ಸೇರಿದವರನ್ನು ಕೆಲಸದಿಂದ ಹೊರಗಿಟ್ಟು ಬೀಗ ಹಾಕಿದಾಗ ಮ್ಯಾಟ್ ತನ್ನ ಸಂಗಡಿಗರ ಜೊತೆಗೆ ನಿಂತನು. ಸಂಘದಿಂದ ತನಗೆ ಬಂದ ಹಣವನ್ನು ಸಂಸಾರವಂದಿಗರಿಗೆ ಹಂಚಿದನು. ಮದುವೆಯಾಗದೆ ಒಂಟಿಯಾಗಿದ್ದ ತನಗೆ ಅಲ್ಪವೇ ಸಾಕೆಂಬುದು ಆತನ ಎಣಿಕೆ. ಚೀನಾ ದೇಶದ ಧರ್ಮಪ್ರಚಾರ ಕಾರ್ಯಕ್ಕೂ ಹಣ ಕಳುಹಿಸುತ್ತಿದ್ದನು. ಕೊನೆಯ ಕಾಲದಲ್ಲಿ ಹೃದಯದ ಕಾಯಿಲೆಯಿಂದ ಬಹುಕಾಲ ಕೆಲಸವಿಲ್ಲದೆ ಮಲಗಿದ್ದಾಗಲೂ, ಇನ್ನು ಮುಂದೆ ದುಡಿಯಲಾರೆನೆಂದು ತಿಳಿಸುವ ಒಂದು ಚಿಕ್ಕ ಚೀಟಿಯೊಂದಿಗೆ ತನ್ನದೊಂದು ಪೌಂಡನ್ನೂ ಸೋದರಿಯ ಹತ್ತು ಷಿಲಿಂಗುಗಳನ್ನೂ ಆ ಕಾರ್ಯಕ್ಕೆ ಕಳುಹಿಸಿದನು.

1925ರ ಜೂನ್ 7, ಪವಿತ್ರ ತ್ರಿತ್ವದ ಭಾನುವಾರ. ಪೂಜೆಗೆಂದು ಡೊಮಿನಿಕನ್ ಸಭೆಯ ದೇವಾಲಯದ ಕಡೆಗೆ ನಡೆದು ಹೋಗುತ್ತಿದ್ದ ಮ್ಯಾಟ್ ಗ್ರ್ಯಾನ್ಬಿ ಲೇನ್ ಎಂಬ ಓಣಿಯಲ್ಲಿ ಕುಸಿದು ಬಿದ್ದು ಪ್ರಾಣಬಿಟ್ಟನು. ಅರವತ್ತೊಂಬತ್ತು ವರ್ಷ ವಯಸ್ಸು. ಯಾರೆಂದು ತಿಳಿಯದ ಶವವಾಗಿ ಆಸ್ಪತ್ರೆಗೆ ಸೇರಿತು. ಅಲ್ಲಿ ಬಟ್ಟೆ ಕಳಚಿದಾಗ ಮೈಮೇಲೆ ಸರಪಣಿಗಳು ಕಂಡವು. ಮಾತೆ ಮರಿಯಮ್ಮನವರ ದಾಸನೆಂಬುದರ ಗುರುತಾಗಿ ಆತನು ಅವನ್ನು ಗುಟ್ಟಾಗಿ ಧರಿಸಿದ್ದನು. ಬದುಕಿದ್ದಾಗ ಯಾರಿಗೂ ಗೊತ್ತಿರದಿದ್ದ ಮ್ಯಾಟ್ ಟಾಲ್ಬಟನ ಹೆಸರು ಆ ಮೇಲೆ ಊರೆಲ್ಲಾ ಹರಡಿತು. ಜೂನ್ 11ರಂದು, ಪರಮಪ್ರಸಾದದ ಮಹೋತ್ಸವದ ದಿನ, ಗ್ಲಾಸ್ನೆವಿನ್ ಸ್ಮಶಾನದಲ್ಲಿ ಆತನನ್ನು ಮಣ್ಣು ಮಾಡಿದರು. ಮರುವರ್ಷ ಜೋಸೆಫ್ ಗ್ಲಿನ್ ಎಂಬುವರು ಒಂದು ಕಿರುಚರಿತ್ರೆಯನ್ನು ಹೊರತಂದರು. 1931ರಲ್ಲಿ ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷರು ಸಂತಪದವಿಯ ವಿಚಾರಣೆಗೆ ಚಾಲನೆ ಕೊಟ್ಟರು. 1972ರಲ್ಲಿ ಪಾರ್ಥಿವ ಅವಶೇಷಗಳನ್ನು ಅದೇ ನಗರದ ಲೂರ್ದು ಮಾತೆಯ ದೇವಾಲಯಕ್ಕೆ ತಂದಿರಿಸಿದರು. 1975ರ ಅಕ್ಟೋಬರ್ 3ರಂದು ಜಗದ್ಗುರು ಆರನೆಯ ಪೌಲರು ಆತನನ್ನು ಪೂಜ್ಯನೆಂದು ಘೋಷಿಸಿದರು. ಕುಡಿತದಿಂದ ನರಳುವವರೂ ಅವರ ಮನೆಯವರೂ ಇಂದು ಲೋಕದ ನಾನಾ ಕಡೆಗಳಲ್ಲಿ ಆತನ ಮಧ್ಯಸ್ಥಿಕೆಯನ್ನು ಬೇಡುತ್ತಾರೆ.

ನಾನು ಕಲಿತ ಪಾಠ

ಸರಪಣಿಯನ್ನೂ ಹಲಗೆಯ ಹಾಸಿಗೆಯನ್ನೂ ಅನುಕರಿಸಿರೆಂದು ನಾನು ಯಾರಿಗೂ ಹೇಳೆನು. ಅವು ಗುರುಗಳ ಮಾರ್ಗದರ್ಶನದಲ್ಲಿ ಆತನೊಬ್ಬನಿಗೆ ಸಲ್ಲುವ ಮಾತು. ನಾವು ನೋಡಬೇಕಾದುದು ಬೇರೆ. ಮ್ಯಾಟ್ ಒಬ್ಬಂಟಿಯಾಗಿ ಕುಡಿತವನ್ನು ಬಿಡಲಿಲ್ಲ. ಹರಸಿ ಕಳುಹಿಸಿದ ತಾಯಿಯಿದ್ದಳು. ಬಾಗಿಲು ತೆರೆದ ಗುರುಗಳಿದ್ದರು. ಪ್ರತಿಜ್ಞೆಗೆ ಮಿತಿಯಿಟ್ಟ ವಿವೇಕವಿತ್ತು. ಬೇರೊಂದು ಕೊಠಡಿ, ಬೇರೊಂದು ದಾರಿ, ಬೇರೊಂದು ಸಂಗವಿತ್ತು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಆತನು ಮತ್ತೆ ಆ ಮೂಲೆಗೇ ಹೋಗಿ ನಿಲ್ಲುತ್ತಿದ್ದನೇನೋ.

ಇದನ್ನು ತಿಳಿಯುವ ಮೊದಲು ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ನನ್ನ ಕರ್ತವ್ಯ. ಗುರುದೀಕ್ಷೆಯಾದ ಹೊಸದರಲ್ಲಿ, ಬೇರೊಂದು ಊರಿನಲ್ಲಿದ್ದಾಗ, ಆಲೆಮನೆಯಲ್ಲಿ ದುಡಿಯುತ್ತಿದ್ದ ಒಬ್ಬನನ್ನು ಆತನ ಹೆಂಡತಿ ನನ್ನ ಬಳಿಗೆ ಕರೆತಂದಳು. ನಾನು ಬಲಿಪೀಠದ ಮುಂದೆ ಜೀವಾವಧಿ ಪ್ರಮಾಣ ಮಾಡಿಸಿ, ಆಶೀರ್ವದಿಸಿ, ಕೆಲಸ ಮುಗಿಯಿತೆಂದು ತಿಳಿದೆ. ಮೂರನೆಯ ದಿನ ಆತನಿಗೆ ಕೈಕಾಲು ನಡುಕ, ಬೆವರು, ಇಲ್ಲದ್ದನ್ನು ಕಂಡು ಕೂಗಾಟ. ಮನೆಯವರು ದೆವ್ವದ ಕಾಟವೆಂದು ಬಗೆದು ತಾಯಿತ ಕಟ್ಟಿಸಲು ಓಡಾಡಿದರು. ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ವೈದ್ಯರು, ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಹೀಗಾಗುವುದುಂಟೆಂದೂ, ತಡವಾದರೆ ಪ್ರಾಣವೇ ಹೋಗಬಹುದೆಂದೂ ವಿವರಿಸಿದರು. ಆತನು ಬದುಕಿದನು. ಆದರೆ ಕೆಲವು ತಿಂಗಳಾದ ಮೇಲೆ ಪ್ರಮಾಣ ತಪ್ಪಿ ಕುಡಿದನು. ಆಗ ನಾನು ಜನರೆದುರಿನಲ್ಲಿ ಆತನನ್ನು ಗದರಿಸಿದೆ. ದೇವರ ಮುಂದಿನ ಮಾತನ್ನೇ ಮುರಿದವನಿಗೆ ಇನ್ನೇನು ಉಳಿಯಿತೆಂದು ಆತನು ದೇವಾಲಯಕ್ಕೆ ಬರುವುದನ್ನೇ ಬಿಟ್ಟನು. ಕೆಲವು ವರ್ಷಗಳ ನಂತರ ಆತನನ್ನು ಮಣ್ಣು ಮಾಡಲು ನನ್ನನ್ನೇ ಕರೆದರು. ಕ್ಲಾನ್ಲಿಫಿನ ಗುರುಗಳು ಮೂರೇ ತಿಂಗಳ ಪ್ರತಿಜ್ಞೆ ಕೊಟ್ಟುದರ ಅರ್ಥ ನನಗೆ ಅಂದು ಆ ಗುಂಡಿಯ ಬಳಿಯಲ್ಲಿ ಹೊಳೆಯಿತು.

ನಮ್ಮ ಊರುಗಳಲ್ಲಿ ದೊರೆಯುವ ಸಹಾಯ

ಕುಡಿತವು ಪಾಪಕ್ಕೆ ದಾರಿಯಾಗುವುದು ನಿಜ. ಆದರೆ ಅದು ಚಟವಾಗಿ ಬೇರೂರಿದ ಮೇಲೆ ಕಾಯಿಲೆಯೂ ಹೌದೆಂದು ವೈದ್ಯಶಾಸ್ತ್ರ ಒಪ್ಪಿಕೊಂಡಿದೆ. ಕಾಯಿಲೆಗೆ ಮದ್ದುಂಟು. ದಿನವೂ ಹೆಚ್ಚು ಕುಡಿಯುವವನು ಬಿಡಲು ಮನಸ್ಸು ಮಾಡಿದರೆ ಮೊದಲು ವೈದ್ಯರನ್ನು ಕಾಣಬೇಕು. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಅಪಾಯ, ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿಭ್ರಮಣೆಯ ಅಪಾಯ ಇರುತ್ತದೆ. ಕೆಲವು ದಿನಗಳ ಔಷಧದಿಂದ ಇವನ್ನು ತಡೆಯಬಹುದು.

ದೂರ ಹೋಗಬೇಕಾಗಿಲ್ಲ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮದ್ದೂರು, ಮಳವಳ್ಳಿಯವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಮನೆಯಿಂದ ಹೊರಡಲು ಸಂಕೋಚವಾದರೆ ದೂರವಾಣಿಯುಂಟು: 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416; ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ ಸಹಾಯವಾಣಿಯ ಸಂಖ್ಯೆ 14446. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಆಸ್ಪತ್ರೆಯಿಂದ ಬಂದ ಮೇಲೆ ಸಂಗ ಬೇಕು. ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಇಂದು ಲೋಕವನ್ನೆಲ್ಲಾ ವ್ಯಾಪಿಸಿದೆ. ಅದೇ ಊರಿನ ಸಂತ ಥಾಮಸರ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಕನ್ಯಾಮಠದ ಸೋದರಿ, ಎಲ್ಲರೂ ಹೊರಗೆ ತಳ್ಳುತ್ತಿದ್ದ ಕುಡುಕರಿಗೆ ಹಾಸಿಗೆ ಕೊಟ್ಟು ಉಪಚರಿಸಿದರು. ಈ ಕೂಟಗಳಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆಯೇ ಕೂಟಗಳಿವೆ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರದಿಂದ ಬಂದವರು ಮತ್ತೆ ಬೀಳದಂತೆ ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ಗಾಯಗೊಂಡವನನ್ನು ಎತ್ತಿಕೊಂಡವನು ಯಾವ ಜನಾಂಗದವನೆಂದು ಪ್ರಭು ಯೇಸುವಿನ ಸಾಮತಿಯು ಕೇಳಲಿಲ್ಲ. ನಾವೂ ಕೇಳಬೇಕಾಗಿಲ್ಲ.

ಮನೆಯವರಿಗೆ ಎರಡು ಮಾತು. ಊಟದಲ್ಲಿ ಗುಟ್ಟಾಗಿ ಬೆರೆಸಿದರೆ ಕುಡಿತ ಬಿಡುತ್ತದೆಂದು ಮಾರುವ ಪುಡಿಗಳನ್ನು ಕೊಳ್ಳಬೇಡಿ. ಕುಡಿತ ಬಿಡಿಸುವ ಕೆಲವು ಮಾತ್ರೆಗಳನ್ನು ನುಂಗಿದವನು ತಿಳಿಯದೆ ಕುಡಿದರೆ ಪ್ರಾಣಕ್ಕೇ ಅಪಾಯ. ಎರಡನೆಯದಾಗಿ, ಬಿಟ್ಟವನು ಮತ್ತೊಮ್ಮೆ ಬಿದ್ದರೆ ಎಲ್ಲವೂ ಮುಗಿಯಿತೆಂದು ಕೈಬಿಡಬೇಡಿ. ಮತ್ತೆ ಅದೇ ವೈದ್ಯರ ಬಳಿಗೆ, ಅದೇ ಕೂಟಕ್ಕೆ ಕರೆದೊಯ್ಯಿರಿ. ಹೆಂಡತಿಯಾದವಳು ಹೊಡೆತವನ್ನು ಸಹಿಸಿಕೊಂಡು ಮೌನವಾಗಿರುವುದು ಶಿಲುಬೆ ಹೊರುವುದಲ್ಲ. ಆಕೆಯೂ ಸಹಾಯವನ್ನು ಕೇಳಬೇಕು.

ಮುಕ್ತಾಯ

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಬೆವರು ಸುರಿಸಿ ಈ ದೇವಾಲಯವನ್ನು ಕಟ್ಟಿದರು. ಗೋಡೆಗೆ ಬಣ್ಣ ಬಳಿದಿದ್ದೇವೆ, ಗಂಟೆಯನ್ನು ಬೆಳಗಿಸಿದ್ದೇವೆ. ಇನ್ನೊಂದು ಕೆಲಸ ಉಳಿದಿದೆ. ಶತಮಾನೋತ್ಸವದ ನೆನಪಿಗಾಗಿ ಪ್ರತಿ ಶನಿವಾರ ಸಂಜೆ, ಬಟವಾಡೆಯ ಹೊತ್ತಿನಲ್ಲಿಯೇ, ಗುರುನಿವಾಸದ ಪಕ್ಕದ ಕೊಠಡಿಯನ್ನು ತೆರೆದಿಡಲು ನಿಶ್ಚಯಿಸಿದ್ದೇನೆ. ಅಲ್ಲಿ ಪ್ರಮಾಣ ಮಾಡಿಸುವುದಿಲ್ಲ, ಬೋಧನೆಯಿಲ್ಲ, ಗದರಿಕೆಯಂತೂ ಇಲ್ಲವೇ ಇಲ್ಲ. ಬಿಸಿ ಕಾಫಿ ಇರುತ್ತದೆ. ಆಸ್ಪತ್ರೆಗೆ ಜೊತೆಯಲ್ಲಿ ಬರುವವರಿರುತ್ತಾರೆ. ಯಾವ ಜಾತಿ, ಯಾವ ಧರ್ಮದವರೂ ಬರಬಹುದು. ವಿನ್ಸೆಂಟ್ ದೆ ಪಾವ್ಲ್ ಸಭೆಯವರೂ ಸ್ತ್ರೀಯರ ಸಂಘದವರೂ ಇದರಲ್ಲಿ ಕೈಗೂಡಿಸಬೇಕೆಂದು ಬೇಡುತ್ತೇನೆ.

ಡಬ್ಲಿನ್ನಿನ ಆ ಮೂಲೆಯಲ್ಲಿ ನಿಂತಿದ್ದವನನ್ನು ಅಂದು ಯಾರೂ ಒಳಗೆ ಕರೆಯಲಿಲ್ಲ. ನಮ್ಮ ಮಂಡ್ಯದ, ಮದ್ದೂರಿನ, ಮಳವಳ್ಳಿಯ ಮೂಲೆಗಳಲ್ಲಿಯೂ ಹಾಗೆ ನಿಂತವರಿದ್ದಾರೆ. ಅವರನ್ನು ಕರೆಯುವವರು ನಾವಾಗೋಣ. ಮುಂದಿನ ನೂರು ವರ್ಷಗಳ ಮರಣಗಳ ಪುಸ್ತಕವನ್ನು ತಿರುವಿಹಾಕುವ ಗುರುಗಳಿಗೆ ಅದರಲ್ಲಿ ಎಪ್ಪತ್ತು, ಎಂಬತ್ತು ಎಂಬ ವಯಸ್ಸುಗಳೇ ಹೆಚ್ಚಾಗಿ ಕಾಣಲಿ. ಪೂಜ್ಯ ಮ್ಯಾಟ್ ಟಾಲ್ಬಟನ ಪ್ರಾರ್ಥನೆಯೂ ಮಾತೆ ಮರಿಯಮ್ಮನವರ ಆಸರೆಯೂ ಪ್ರಭು ಕ್ರಿಸ್ತರ ಕೃಪೆಯೂ ನಿಮ್ಮೆಲ್ಲರ ಮನೆಗಳ ಮೇಲಿರಲಿ.